ಸಿಂಪಿಯ ನೀರು

ಗಂಡ ಹೆಂಡತಿಯ ಜಗಳಕ್ಕೆ ಕಾರಣವೇ ಬೇಕೆಂದಿಲ್ಲ. ಚಿಪ್ಪಣ್ಣನ ಮನೆಯಲ್ಲಿ ಮಾತ್ರ ಕಾರಣ ವಾರಕ್ಕೊಮ್ಮೆ ತಪ್ಪದೆ, ಒದ್ದೆ ಗೋಣಿತಾಟಿನಲ್ಲಿ ಸುತ್ತಿಸಿಕೊಂಡು, ಅವನ ಕಂಕುಳಲ್ಲೇ ಮನೆಗೆ ಬರುತ್ತಿತ್ತು. ಯಾವ ಕಡಲಿನ ಸಿಂಪಿ, ಆ ಗಟ್ಟಿ ಚಿಪ್ಪಿನ ಜೀವಿ, ಹೆಚ್ಚು ರುಚಿ ಎಂಬುದೇ ಆ ಜಗಳ. ಅವನು ಉತ್ತರದ ಬಂಡೆಗಲ್ಲಿನ ತೀರದಲ್ಲಿ ಹುಟ್ಟಿದವನು. ಅವಳು ದಕ್ಷಿಣದವಳು, ಹೊಳೆಯೊಂದು ಕಡಲಿಗೆ ಸೇರುವ ಅಳಿವೆಯ ದಡದಲ್ಲಿ ಬೆಳೆದವಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಈ ಜೋಡಿಯಲ್ಲಿ ಇಬ್ಬರೂ ನೀರಿಗೇ ಎಳೆಯುತ್ತಿದ್ದರು, ಆದರೆ ಬೇರೆ ಬೇರೆ ನೀರಿಗೆ.

ಚಿಪ್ಪಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಂದರಿನ ಹಿಂದಿನ ಬೀದಿಯ ಹೋಟೆಲಿನಲ್ಲಿ, ಬೀದಿಗೆ ಕಾಣುವ ಗಾಜಿನ ಹಿಂದೆ ನಿಂತು ಅವನು ಸಿಂಪಿ ಬಿಡಿಸುತ್ತಿದ್ದ. ಹುಡುಗನಾಗಿ ಸೇರಿದವನು ಅಲ್ಲೇ ನಿಂತು ತಲೆ ನರೆಸಿಕೊಂಡಿದ್ದ. ಅಡುಗೆಮನೆಯವರು ಕೊಟ್ಟ ಹೆಸರು ಹೋಟೆಲಿನ ಯಜಮಾನ್ತಿಗೆ ಹತ್ತಿತು, ಆಮೇಲೆ ಗಿರಾಕಿಗಳಿಗೆ, ಕೊನೆಗೆ ಅವನ ಬೀಗರಿಗೂ ಹತ್ತಿತು. ಮಡಿಸಿದ ಬಟ್ಟೆಯಲ್ಲಿ ಸಿಂಪಿಯನ್ನು ಅಮುಕಿ ಹಿಡಿದು, ಮೊಂಡು ಚಾಕುವಿನ ತುದಿಯನ್ನು ಕೀಲಿಗೆ ಕೊಟ್ಟು ಒಮ್ಮೆ ತಿರುವಿದರೆ 'ಟಕ್' ಎನ್ನುವುದು. ಮೇಲಿನ ಚಿಪ್ಪಿನಡಿ ಚಾಕು ಸರಿಸಿ ನರ ಕತ್ತರಿಸಿದರೆ ಮುಚ್ಚಳ ಕೈಗೆ ಬರುವುದು. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಒಳಗೆ ನಿಂತ ಅದರ ಕಡಲಿನ ನೀರು ಒಂದು ಹನಿಯೂ ಚೆಲ್ಲದಂತೆ ಇದನ್ನೆಲ್ಲ ಮಾಡುವುದೇ ಕಷ್ಟ.

"ಮಾಂಸ ಸುಮ್ನೆ ಅಗಿಯೋಕೆ ಕಣಪ್ಪ," ಎಂದು ಹೊಸದಾಗಿ ಕೆಲಸಕ್ಕೆ ಬಂದವರಿಗೆ ಹೇಳುತ್ತಿದ್ದ. "ಅದರ ಊರು ಇರೋದು ನೀರಲ್ಲಿ. ನೀರು ಚೆಲ್ಲಿದ್ಯೋ, ನೀನು ತಟ್ಟೇಲಿ ಕೊಡ್ತಿರೋದು ದಿಕ್ಕುದೆಸೆ ಇಲ್ಲದ ಅನಾಥನ್ನ."

ಆ ಹೋಟೆಲಿಗೆ ಮೂರು ತೀರಗಳಿಂದ ಸಿಂಪಿ ಬರುತ್ತಿತ್ತು. ಪುಡಿ ಐಸಿನ ಮೇಲೆ ಮೂರನ್ನೂ ಸುತ್ತ ಜೋಡಿಸಿ, ಮೆಲುವಾದದ್ದರಿಂದ ಶುರುಮಾಡಿ ಖಡಕ್ಕಾದದ್ದರವರೆಗೆ ಹಸಿಯಾಗಿಯೇ ತಿನ್ನಲು ಕೊಡುವುದು ಅಲ್ಲಿನ ಪದ್ಧತಿ. ಮೊದಲು ದಕ್ಷಿಣದ್ದು, ಆಮೇಲೆ ಪೂರ್ವದ ಕೆಸರುನೆಲದ್ದು, ಕೊನೆಗೆ ಉತ್ತರದ್ದು. ತಮ್ಮ ಊರಿನದನ್ನು ಕೊನೆಗೆ ಇಡುವುದೇ ಅದು ಎಲ್ಲಕ್ಕಿಂತ ದೊಡ್ಡದು ಅನ್ನುವುದಕ್ಕೆ ಸಾಕ್ಷಿ ಎಂದು ಚಿಪ್ಪಣ್ಣ ವಾದಿಸುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯವನು.

ಸೋಮವಾರ ಹೋಟೆಲಿಗೆ ರಜೆ. ಉಳಿದ ಸಿಂಪಿಗಳನ್ನು ಯಜಮಾನ್ತಿ ಅವನಿಗೇ ಕೊಟ್ಟುಬಿಡುತ್ತಿದ್ದಳು. ಮಧ್ಯಾಹ್ನ ಅಡುಗೆಮನೆಯ ಮೇಜಿನ ಮುಂದೆ ಹೆಂಡತಿ ಕಣ್ಣುಮುಚ್ಚಿ ಕೂರುತ್ತಿದ್ದಳು, ಇವನು ಒಂದೊಂದಾಗಿ ಅವಳ ಅಂಗೈಗೆ ಇಡುತ್ತಿದ್ದ. ಮೊದಲು ತುಟಿ ತಾಗಿಸಿ ನೀರು ಹೀರುವಳು. ಆಮೇಲೆ ಮಾಂಸವನ್ನು ಬಾಯಿಗೆ ಜಾರಿಸಿ, ಎರಡು ಸಲ ಅಗಿದು, ನುಂಗಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುವಳು. ಒಮ್ಮೆಯಾದರೂ ತಪ್ಪಿದ್ದಿಲ್ಲ. ಮಳೆ ಹೆಚ್ಚಾಗಿ ಹೊಳೆ ಕೆಂಪಾದ ವಾರ ಯಾವುದು, ಕಡಲು ಬೆಚ್ಚಗಾಗಿ ಸಿಂಪಿ ಮೊಟ್ಟೆಗೆ ಬಂದು ಹಾಲುಗಟ್ಟಿದ ವಾರ ಯಾವುದು ಎಂಬುದನ್ನೂ ಹೇಳಿಬಿಡುತ್ತಿದ್ದಳು.

"ಇದು ಪೂರ್ವದ್ದು. ಬೆಣ್ಣೆ ತಿಂದು ಕೈ ತೊಳೀದೆ ಬಂದಿದೆ."

"ಇದು?"

"ಇದು ನಿಮ್ಮೂರಿಂದು ರೀ. ಬಾಗಿಲು ತೆಗೆಯೋಕೂ ಬಿಡದೆ ಬೈಕೊಂಡೇ ಒಳಗೆ ಬರುತ್ತೆ. ಬರೀ ಉಪ್ಪು, ಕಬ್ಬಿಣ. ನಿಮ್ಮಕ್ಕನ ಥರ."

"ನಿಮ್ಮೂರಿಂದೇನು ಮಹಾ? ಸಪ್ಪೆ ನೀರು."

"ನಮ್ಮದು ಮೊದಲು ಏನೂ ಇಲ್ಲ ಅನ್ಸುತ್ತೆ. ನುಂಗಿದ ಮೇಲೆ ಎಳೇ ಸೌತೆಕಾಯಿ ಹಾಗೆ ಒಂದು ಸಿಹಿ ಬರುತ್ತೆ ನೋಡಿ, ಅದಕ್ಕೆ ಕಾಯಬೇಕು. ನಿಮಗೆಲ್ಲಿದೆ ಆ ತಾಳ್ಮೆ?"

ಇಷ್ಟು ಹೇಳಿ ನಗುವಳು. ಆದರೆ ದಕ್ಷಿಣದ ಸಿಂಪಿ ಬಾಯಲ್ಲಿದ್ದಷ್ಟು ಹೊತ್ತು ಅವಳು ನಗುತ್ತಿರಲಿಲ್ಲ. ಅವಳ ತಾಯಿ ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ನೀರಿಗಿಳಿದು ಸಿಂಪಿ ಆಯುತ್ತಿದ್ದವಳು. ದಡದಲ್ಲೇ ಕಲ್ಲಿನಿಂದ ಕುಟ್ಟಿ ಒಡೆದು ಮಗಳ ಬಾಯಿಗೆ ಇಡುತ್ತಿದ್ದಳು. ತಾಯಿ ಹೋದಮೇಲೆ ಅಣ್ಣಂದಿರು ಮನೆ ಮಾರಿ ದಿಕ್ಕಿಗೊಬ್ಬರಾದರು. ಹೋಗಿ ಬರಲು ಅಲ್ಲಿ ಒಂದು ಹೊಸ್ತಿಲೂ ಉಳಿದಿರಲಿಲ್ಲ. ತವರು ಅನ್ನುವುದು ಅವಳಿಗೆ ವಾರಕ್ಕೊಮ್ಮೆ ಐಸಿನಲ್ಲಿ ಬರುತ್ತಿತ್ತು. ಚಿಪ್ಪಣ್ಣನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮಾಡಿದ, ಅದೇ ಮುಂದಿನ ಕತೆ.

ಮಾಡಿದ್ದಕ್ಕೆ ಕಾರಣ ಇಷ್ಟೇ. ಆಗಾಗ ಹೋಟೆಲಿಗೆ ಬರುತ್ತಿದ್ದ ಹೆಂಡತಿಯ ನಾಲಿಗೆಯ ಸುದ್ದಿ ಗಿರಾಕಿಗಳಿಗೆ ಹಬ್ಬಿತು. "ಅತ್ತಿಗೆ ಯಾವುದು ಒಳ್ಳೇದು ಅಂತಾರೆ?" ಎಂದು ಅವನನ್ನೇ ಕೇಳತೊಡಗಿದರು. ಜೀವನವಿಡೀ ಚಾಕು ಹಿಡಿದು ನಿಂತವನು ತಾನು, ಕೇಳುವುದು ಅವಳನ್ನು! ಮೇಲಿಂದ ಅಡುಗೆಯವನೊಬ್ಬ ಒಗ್ಗರಣೆ ಹಾಕಿದ.

"ಏನಣ್ಣ, ಅತ್ತಿಗೆ ನಿಮ್ಮೂರಿನ ಸಿಂಪೀನ ಮೂರನೇ ನಂಬರಿಗೆ ತಳ್ಳಿಬಿಟ್ರಂತೆ? ಕೊನೆಗೂ ನಿನ್ನ ಕೈಗೆ ಚಿಪ್ಪೇ!"

ಎಲ್ಲರೂ ನಕ್ಕರು, ಇವನೂ ನಕ್ಕ. ಒಳಗೆ ಮಾತ್ರ ಸಣ್ಣಗೆ ಉರಿಯಿತು.

ಆ ವರ್ಷದ ಸಿಂಪಿಯ ಹಂಗಾಮು ಮುಗಿಯುವ ದಿನ ಯಜಮಾನ್ತಿ ಹಳೆಯ ಗಿರಾಕಿಗಳನ್ನೆಲ್ಲ ಕರೆದಿದ್ದಳು. ತಮಾಷೆಗೆ ಒಂದು ಪಂದ್ಯ ಇಟ್ಟಿದ್ದಳು: ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೂರು ಸಿಂಪಿ ತಿಂದು ತೀರ ಹೇಳಬೇಕು. ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಮಣ್ಣುಮುಕ್ಕಿದರು. ಕೊನೆಗೆ "ಅತ್ತಿಗೆ, ಅತ್ತಿಗೆ" ಎಂದು ಕೂಗೆದ್ದಿತು. ಅವಳು ಬೇಡಬೇಡ ಎನ್ನುತ್ತಲೇ ಬಂದು ಕುರ್ಚಿಯಲ್ಲಿ ಕೂತಳು. ಒಳ್ಳೆಯ ಸೀರೆ ಉಟ್ಟು ಬಂದಿದ್ದಳು ಅನ್ನುವುದನ್ನು ಚಿಪ್ಪಣ್ಣ ಆಮೇಲೆ ಎಷ್ಟೋ ಸಲ ನೆನೆದುಕೊಂಡ.

ಅವನ ಯೋಚನೆ ಹೀಗಿತ್ತು. ಮೊದಲೆರಡು ನೇರವಾಗಿ ಕೊಡುವುದು. ಮೂರನೆಯದಕ್ಕೆ ಉತ್ತರದ ಮಾಂಸವನ್ನು ದಕ್ಷಿಣದ ಚಿಪ್ಪಿನಲ್ಲಿಟ್ಟು ಕೊಡುವುದು. ಕಣ್ಣು ಕಟ್ಟಿದ್ದರೂ ಬೆರಳಿಗೆ ಚಿಪ್ಪಿನ ಆಳ ತಿಳಿಯುತ್ತದೆ. ಉತ್ತರದ್ದು ಚಪ್ಪಟೆ, ದಕ್ಷಿಣದ್ದು ಬಟ್ಟಲಿನಂತೆ. ಬಟ್ಟಲು ಮುಟ್ಟಿ ಅವಳು "ನಮ್ಮದು" ಎಂದು ಹೊಗಳಿದಾಗ, "ಅದು ನಮ್ಮೂರಿಂದು ಕಣೇ" ಎಂದುಬಿಟ್ಟರೆ ಇಷ್ಟು ವರ್ಷದ ವ್ಯಾಜ್ಯ ತೀರಿಹೋಗುತ್ತದೆ. ಆಹಾ, ಬುದ್ಧಿವಂತ!

ಕೌಂಟರಿನ ಕೆಳಗೆ ದಕ್ಷಿಣದ ಸಿಂಪಿ ಬಿಡಿಸಿ ಮಾಂಸ ತೆಗೆದು ಪಕ್ಕಕ್ಕಿಟ್ಟ. ಚಿಪ್ಪಿನ ತಳದಲ್ಲಿ ಅದರ ನೀರು ನಿಂತಿತ್ತು. ನ್ಯಾಯವಾಗಿ ಅದನ್ನು ಚೆಲ್ಲಬೇಕು. ಚಿಪ್ಪು ಓರೆ ಮಾಡಲು ಕೈಯೆತ್ತಿದ. ಆದರೆ ಹುಟ್ಟಾ ಒಂದು ಹನಿ ಚೆಲ್ಲದ ಕೈ ಅದು, ಚೆಲ್ಲಲಿಲ್ಲ. ಅಭ್ಯಾಸವೋ ಕಪಟವೋ, ಅವನಿಗೇ ತಿಳಿಯಲಿಲ್ಲ. ಉತ್ತರದ ಮಾಂಸವನ್ನು ತಣ್ಣೀರಿನಲ್ಲಿ ಜಾಲಿಸಿ, ಬಟ್ಟೆಯಲ್ಲಿ ಒತ್ತಿ, ಆ ನೀರಿನಲ್ಲೇ ಕೂರಿಸಿ ತಟ್ಟೆಗಿಟ್ಟ.

ಅವಳು ಮೊದಲನೆಯದನ್ನು ಪೂರ್ವದ್ದೆಂದಳು. ಚಪ್ಪಾಳೆ. ಎರಡನೆಯದನ್ನು ಉತ್ತರದ್ದೆಂದಳು. ಮತ್ತೆ ಚಪ್ಪಾಳೆ. ಮೂರನೆಯದನ್ನು ಕೈಗೆ ತೆಗೆದುಕೊಂಡು ತುಟಿಗೆ ತಾಗಿಸಿ ನೀರು ಹೀರಿದಳು. ಅವಳ ಮುಖ ಸಡಿಲವಾಯಿತು. ಮಾಂಸ ಅಗಿಯುವಾಗ ಹುಬ್ಬು ಸ್ವಲ್ಪ ಗಂಟಾದದ್ದನ್ನು ಚಿಪ್ಪಣ್ಣ ಒಬ್ಬನೇ ಕಂಡ. ನುಂಗಿ, ಸುಮ್ಮನಿದ್ದು, ಕಣ್ಣಿನ ಬಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಇದು ನಮ್ಮದು," ಎಂದಳು. "ಯಾಕೋ ಸ್ವಲ್ಪ ಬೇರೆ ಥರ ಇದೆ. ಆದ್ರೆ ನಮ್ಮ ಹೊಳೇನೇ. ನಮ್ಮಮ್ಮ ಕೈಯಲ್ಲಿ ಹಿಡಿದು ಕೊಟ್ಟ ಹಾಗಾಯ್ತು."

ಚಿಪ್ಪಣ್ಣ ಅಲ್ಲಿಗೆ ನಿಲ್ಲಿಸಬಹುದಿತ್ತು. "ಸರಿ, ಗೆದ್ದೆ ಕಣೇ" ಎಂದು ಬಟ್ಟೆ ಬಿಚ್ಚಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಅಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಂಡಿದ್ದ ಮಾತು, ಜಾರಿಯೇಬಿಟ್ಟಿತು.

"ನಿಮ್ಮಮ್ಮ ಯಾವಾಗ ಬಂದ್ರು ನಮ್ಮೂರಿಗೆ? ಅದು ಉತ್ತರದ್ದು ಕಣೇ! ಚಿಪ್ಪು ಮಾತ್ರ ನಿಮ್ಮದು!"

ಹೋಟೆಲು ಬಿದ್ದುಬಿದ್ದು ನಕ್ಕಿತು. ಅಡುಗೆಯವನು ಸೌಟಿನಿಂದ ಪಾತ್ರೆ ಬಾರಿಸಿದ. ಅವಳು ಬಟ್ಟೆ ಬಿಚ್ಚಿಕೊಂಡು, ಬೆಳಕಿಗೆ ಕಣ್ಣು ಕಿರಿದು ಮಾಡಿ ಗಂಡನ ಕಡೆ ನೋಡಿದಳು. "ಹೌದಾ?" ಎಂದಳು. ಆಮೇಲೆ ಅವಳೂ ನಕ್ಕಳು. "ಸರಿ ಬಿಡಿ, ಸೋತೆ," ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಅವಳ ನಾಲಿಗೆ ತಪ್ಪಿರಲಿಲ್ಲ ಎಂದು ಆ ಕೋಣೆಯಲ್ಲಿ ಒಬ್ಬನಿಗೆ ಗೊತ್ತಿತ್ತು. ಅವಳು ಮೊದಲು ಹೀರಿದ್ದು ಅಳಿವೆಯ ನೀರನ್ನೇ. "ನೀರು ನಿಮ್ಮದೇ ಇತ್ತು, ನೀನು ಹೇಳಿದ್ದು ಸರಿ" ಎಂದು ಅಲ್ಲೇ, ಅವರೆಲ್ಲರ ಮುಂದೆ ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಜನ ಬೆನ್ನು ತಟ್ಟುತ್ತಿದ್ದರು. ಚಿಪ್ಪಣ್ಣ ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಮಾಡಿದವರು ಆಡದೆ ಉಳಿಸಿಕೊಂಡ ಮಾತಿನ ಬಗ್ಗೆ ಏನೂ ಹೇಳಿಲ್ಲ. ಅದು ಇನ್ನೂ ಕೆಟ್ಟದ್ದು.

ಹಂಗಾಮು ಮುಗಿದು ಮತ್ತೆ ಶುರುವಾದ ಮೊದಲ ಸೋಮವಾರ ಅವನು ಎಂದಿನಂತೆ ಗೋಣಿತಾಟು ಬಿಚ್ಚಿ ಕೂತ.

"ನನಗೆ ಬೇಡ ರೀ. ಹೊಟ್ಟೆ ಯಾಕೋ ಸರಿಯಿಲ್ಲ," ಎಂದಳು.

ಮುಂದಿನ ಸೋಮವಾರ ತಲೆನೋವು. ಅದರ ಮುಂದಿನ ಸೋಮವಾರ ಪಕ್ಕದ ಮನೆಯವಳ ಜೊತೆ ಎಲ್ಲಿಗೋ ಹೋಗಬೇಕಿತ್ತು. ಆಮೇಲೆ ನೆಪ ಹೇಳುವುದನ್ನೂ ಬಿಟ್ಟಳು, ತನಗೊಂದು ಮೊಟ್ಟೆ ಬೇಯಿಸಿಕೊಂಡಳು. ಕೋಪವೇನೂ ಇರಲಿಲ್ಲ. ಕೋಪವಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ಕಾಲು ಹಿಡಿದೋ ಜಗಳ ಆಡಿಯೋ ಮುಗಿಸುತ್ತಿದ್ದ. ಮಾತು, ನಗು, ಊಟ, ಎಲ್ಲ ಮೊದಲಿನ ಹಾಗೇ ಇತ್ತು.

ಬೇರೆ ಏನೋ ಆಗುತ್ತಿದೆ ಎಂದು ಅವನಿಗೆ ತಿಳಿದದ್ದು ಒಲೆಯ ಮುಂದೆ. ರುಚಿ ನೋಡದೆ ಅಡುಗೆ ಮಾಡುತ್ತಿದ್ದವಳು, ಆವಿಯ ವಾಸನೆಯಲ್ಲೇ ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದವಳು, ಒಂದು ದಿನ ಸೌಟಿನಲ್ಲಿ ಸಾರು ತಂದು ಅವನ ಮುಂದೆ ಹಿಡಿದಳು.

"ಉಪ್ಪು ಸರಿ ಇದ್ಯಾ ನೋಡ್ರೀ."

"ನೀನೇ ನೋಡು."

"ನೋಡಿದೆ. ಸರಿ ಇದೆ ಅನ್ಸುತ್ತೆ. ನೀವೊಂದ್ಸಲ ನೋಡಿ."

ಇನ್ನೊಂದು ದಿನ ಹಾಲು ಹುಳಿಯಾಗಿದೆಯಾ ಎಂದು ಕೇಳಿದಳು. ಮಗದೊಂದು ದಿನ ಎಣ್ಣೆ ಕಮಟಾಗಿದೆಯಾ ಎಂದಳು. ಅವನು ನೆಕ್ಕಿ ನೋಡಿ, "ಸರಿಯಾಗೇ ಇದೆಯಲ್ಲೇ" ಎನ್ನುವನು, ಅವಳು "ಹಂಗಾದ್ರೆ ಸರಿ" ಎಂದು ಒಳಗೆ ಹೋಗುವಳು. ಹೋಟೆಲಿಗೆ ಬರುವುದಂತೂ ನಿಂತೇಹೋಯಿತು. ಗಿರಾಕಿಗಳು ಅತ್ತಿಗೆ ಎಲ್ಲಿ ಎಂದರೆ, ಅಡುಗೆಯವನು ಸಿಂಪಿ ಬದಲಾಯಿಸಿದ ಕತೆಯನ್ನು ಕೈಕಾಲು ಸೇರಿಸಿ ಹೇಳುವನು. ಪ್ರತಿ ಸಲ ಕೇಳಿದಾಗಲೂ ಚಿಪ್ಪಣ್ಣ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಮನೆಗೆ ಹೋಗುವನು. ಮನೆಗೆ ಹೋದರೆ ಅವಳು ಸಲೀಸಾಗಿ ಏನೋ ಮಾತಾಡುತ್ತಿರುವಳು, ಹಳೆಯದನ್ನು ಕೆದಕುವುದು ಯಾಕೆ ಅನ್ನಿಸುವುದು. ಹೇಡಿಗೆ ನೆಪಗಳಿಗೇನು ಬರವೇ?

ಹೀಗೇ ಇನ್ನೊಂದು ಹಂಗಾಮು ಅರ್ಧ ಕಳೆಯಿತು. ಒಂದು ಬೆಳಿಗ್ಗೆ ಐಸ್ ಗಾಡಿಯ ಡ್ರೈವರು ದಕ್ಷಿಣದ ಬುಟ್ಟಿ ಇಳಿಸಿ, ಮುಚ್ಚಳದ ಮೇಲೆ ಕೈಯಿಟ್ಟು ನಿಂತ.

"ನೋಡಿಕೋ ಅಣ್ಣ, ಇದೇ ಕೊನೆ ಬುಟ್ಟಿ."

"ಈ ವಾರಕ್ಕಾ?"

"ಇನ್ನು ಮುಂದಕ್ಕೇ ಇಲ್ಲ. ಅಳಿವೆ ಬಾಯಿಗೆ ಕಲ್ಲು ಸುರೀತಿದಾರೆ, ದೊಡ್ಡ ಹಡಗು ನಿಲ್ಲೋಕೆ ಧಕ್ಕೆ ಕಟ್ತಾರಂತೆ. ಹೊಳೆ ನೀರನ್ನ ಆಚೆ ಕಡೆಯಿಂದ ತಿರುಗಿಸಿಬಿಟ್ಟಿದಾರೆ. ಸಿಂಪಿಯೆಲ್ಲ ಬಾಯಿ ಬಿಟ್ಕೊಂಡು ಸತ್ತಿವೆ. ಇವು ಹೆಂಗೋ ಮೂಲೇಲಿ ಉಳಿದಿದ್ವು, ಬಾಚಿಕೊಂಡು ಬಂದೆ."

ಚಿಪ್ಪಣ್ಣ ಬುಟ್ಟಿ ಬಿಚ್ಚಿದ. ಮೇಲಿನವು ಹಗುರಾಗಿದ್ದವು, ತಟ್ಟಿದರೆ ಟೊಳ್ಳು ಸದ್ದು. ಒಂದೊಂದನ್ನೇ ಇನ್ನೊಂದಕ್ಕೆ ತಾಗಿಸಿ ನೋಡಿ, ಜೀವವಿದ್ದದ್ದನ್ನು ಬೇರೆ ಮಾಡಿದ. ಒಂದು ಹಿಡಿಯಷ್ಟು ಸಿಕ್ಕಿದವು. ಅವನ್ನು ಕೌಂಟರಿಗೆ ಇಡುವ ಮನಸ್ಸಾಗಲಿಲ್ಲ. ಯಜಮಾನ್ತಿಯ ಹತ್ತಿರ ಹೋಗಿ, "ಇವನ್ನ ಮನೆಗೆ ಒಯ್ತೀನಿ, ಇವತ್ತು ಅರ್ಧ ದಿನ ರಜೆ ಬೇಕು," ಎಂದ. ಅವಳು ಅವನ ಮುಖ ನೋಡಿದವಳೇ, "ಹೋಗು," ಎಂದಳು.

ದಾರಿಯುದ್ದಕ್ಕೂ ಮಾತು ಜೋಡಿಸಿದ. ಮನೆ ಮುಟ್ಟಿದಾಗ ಅವಳು ನಡುಮನೆಯಲ್ಲಿ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. "ಏನ್ರೀ, ಇಷ್ಟು ಬೇಗ? ಹುಷಾರಿಲ್ವಾ?" ಎಂದಳು. "ಕೂತಿರು, ಬಂದೆ," ಎಂದು ನೇರ ಅಡುಗೆಮನೆಗೆ ಹೋದ. ಒಂದು ಹನಿ ಚೆಲ್ಲಬಾರದು, ಒಂದು ಚೂರು ಚಿಪ್ಪು ಒಳಗೆ ಬೀಳಬಾರದು. ಅಷ್ಟು ಜೋಪಾನವಾಗಿ ಅವನು ಯಾವ ದೊಡ್ಡ ಗಿರಾಕಿಗೂ ಬಿಡಿಸಿಕೊಟ್ಟವನಲ್ಲ. ಎಲ್ಲವನ್ನೂ ಬಿಡಿಸಿ, ತಟ್ಟೆಯಲ್ಲಿ ಜೋಡಿಸಿ, ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದಿಟ್ಟ. ಕೂತು, ಹೇಳಿದ. ಅಳಿವೆಗೆ ಕಲ್ಲು ಸುರಿದದ್ದು, ಇವೇ ಕೊನೆಯವು ಎಂಬುದು. ಆಮೇಲೆ ಅಂದಿನದನ್ನು ಹೇಳಿದ.

"ಅವತ್ತು ನೀನು ತಪ್ಪು ಹೇಳಲಿಲ್ಲ ಕಣೇ. ಮಾಂಸ ನಮ್ಮದಿತ್ತು. ನೀರು ನಿಮ್ಮದೇ. ನಾನು ಚೆಲ್ಲಿರಲಿಲ್ಲ. ನೀನು ಹೀರಿದ್ದು ನಿಮ್ಮ ಹೊಳೇನೇ."

ಅವಳು ಕೈಯಲ್ಲಿದ್ದ ಅಂಗಿಯನ್ನು ಪೂರ್ತಿ ಮಡಿಸಿ ಪಕ್ಕಕ್ಕಿಟ್ಟಳು.

"ಅವತ್ತೇ ಯಾಕೆ ಹೇಳಲಿಲ್ಲ?"

"ಎಲ್ಲರೂ ನಗ್ತಿದ್ರು."

"ಅದಕ್ಕೇ ತಾನೇ ಹೇಳಬೇಕಾಗಿದ್ದಿದ್ದು?"

ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಇದಕ್ಕೆ ಒಂದೂ ಒದಗಲಿಲ್ಲ. ಅವಳು ತಟ್ಟೆಯನ್ನೇ ನೋಡುತ್ತಿದ್ದಳು. ಬಟ್ಟಲಿನಂಥ ಚಿಪ್ಪುಗಳು, ತುಂಬಿ ನಿಂತ ನೀರು. ಅವಳ ದೃಷ್ಟಿ ಅಡುಗೆಮನೆಯ ಬಾಗಿಲಿಗೆ ಹೋಗಿ ಮತ್ತೆ ತಟ್ಟೆಗೆ ಬಂತು. ಆಗ ಅವನಿಗೆ ಹೊಳೆಯಿತು. ಅವಳ ಕಣ್ಣೆದುರಿಗೆ ಬಿಡಿಸಬೇಕಿತ್ತು. ಒಂದನ್ನಾದರೂ ಮುಚ್ಚಿದ್ದನ್ನು ಉಳಿಸಿಕೊಳ್ಳಬೇಕಿತ್ತು. ಎಲ್ಲವನ್ನೂ ಒಳಗೆ, ಅವಳಿಗೆ ಕಾಣದ ಕಡೆ ನಿಂತು ತೆರೆದು ತಂದಿದ್ದ, ಮತ್ತು ಮೂರು ಲೋಕದಲ್ಲಿ ಆ ಅಳಿವೆಯ ಸಿಂಪಿ ಇನ್ನೊಂದಿರಲಿಲ್ಲ.

"ಆಣೆ ಮಾಡ್ತೀನಿ ಕಣೇ," ಎಂದ.

"ಅಯ್ಯೋ, ಆಣೆ ಎಲ್ಲ ಯಾಕ್ರೀ," ಎಂದು ಅವಳು ಮೆಲ್ಲಗೆ ಒಂದು ಚಿಪ್ಪು ಎತ್ತಿಕೊಂಡಳು.

ತುಟಿ ತಾಗಿಸಿ ನೀರು ಹೀರಿದಳು. ಮಾಂಸ ಜಾರಿಸಿಕೊಂಡು ಎರಡು ಸಲ ಅಗಿದಳು, ನುಂಗಿದಳು. ಮೊದಲಿನ ಹಾಗೇ ಸುಮ್ಮನೆ ಕೂತಳು. ಆದರೆ ಕಣ್ಣು ಮುಚ್ಚಲಿಲ್ಲ. ಸೌಟು ಹಿಡಿದು ಉಪ್ಪು ಕೇಳುವಾಗ ನೋಡುತ್ತಿದ್ದ ಹಾಗೆಯೇ ಅವನ ಮುಖ ನೋಡುತ್ತಿದ್ದಳು.

"ನಮ್ಮದೇ ಅನ್ಸುತ್ತೆ," ಎಂದಳು. "ಅವತ್ತೂ ಹಂಗೇ ಅನ್ಸಿತ್ತು. ನೀವೇ ಹೇಳಿ, ಇದು ನಮ್ಮದೇನಾ?"

"ನಿಮ್ಮದೇ ಕಣೇ," ಎಂದ.

"ಹಂಗಾದ್ರೆ ಚೆನ್ನಾಗಿದೆ," ಎಂದು ಅವಳು ಇನ್ನೊಂದನ್ನು ಎತ್ತಿಕೊಂಡಳು.